ಕಲ್ಲುಗಣಿಯ ಗಾಯಗಳು ಕಲಿಸುವ ಪಾಠ

(ಉಪನ್ಯಾಸದ ಪಠ್ಯ)



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳದು ಬಂಡೆಯ ಸೀಮೆ. ರಾಮನಗರದ ಕಡೆಯಿಂದ ಹೊರಟು ಉತ್ತರಕ್ಕೆ ಮೊಳಕಾಲ್ಮೂರಿನತ್ತ ಸಾಗುವ ಗ್ರಾನೈಟ್ ಶಿಲೆಯ ಪಟ್ಟಿ ಈ ಭಾಗವನ್ನು ಹಾದುಹೋಗುತ್ತದೆ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಈ ಶಿಲೆಗೂ ಇಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಪಾಳೆಯಗಾರರು ಕೋಟೆ ಕಟ್ಟಿದ್ದು ಇಂಥ ಬೆಟ್ಟಗಳ ಮೇಲೆ, ಊರವರು ಮನೆಗೆ ಅಡಿಪಾಯ ಹಾಕಿದ್ದು, ಹೊಲಕ್ಕೆ ಕಲ್ಲುಕಂಬ ನೆಟ್ಟದ್ದು ಇದೇ ಕಲ್ಲಿನಿಂದ. ಇಂದು ಅದು ಸೈಜುಗಲ್ಲಾಗಿ, ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಲಾರಿಗಳಲ್ಲಿ ಪಟ್ಟಣ ಸೇರುತ್ತಿದೆ.

ಬೆಟ್ಟ ಕರಗುವುದರಿಂದ ಮೇವು, ಒರತೆ, ಕರಡಿಯ ನೆಲೆ, ಹೊಲದ ಫಸಲು ಏನಾಗುತ್ತವೆ ಎಂಬುದರ ಚರ್ಚೆ ಹಳ್ಳಿಗಳಲ್ಲಿ ಸಾಕಷ್ಟು ನಡೆದಿದೆ. ಬೆಟ್ಟವನ್ನು ಒಡೆಯುವವನ ದೇಹ ಏನಾಗುತ್ತದೆ ಎಂಬ ಚರ್ಚೆ ಅಷ್ಟು ನಡೆದಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುವ ಮಾತು ಕ್ವಾರಿಗೂ ಸಲ್ಲುತ್ತದೆ. ಬೆಟ್ಟದ ಮೈ ಬೋಳಾದುದನ್ನು ರಸ್ತೆಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ. ಕ್ರಷರಿನ ಬೆಲ್ಟಿಗೆ ಸಿಕ್ಕ ಬೆರಳಿನ ಸುದ್ದಿ ಆ ಮನೆಯ ಹೊಸಿಲು ದಾಟುವುದಿಲ್ಲ. ಹೊಸಿಲು ದಾಟದ ಗಾಯದಿಂದ ಯಾರೂ ಏನನ್ನೂ ಕಲಿಯಲಾರರು. ಮುಂದಿನ ವರ್ಷ ಅದೇ ಬೆಲ್ಟಿನಲ್ಲಿ ಇನ್ನೊಬ್ಬನ ಕೈ ಸಿಕ್ಕುವುದು ಈ ಕಾರಣದಿಂದಲೇ.

ಗಾಯದಿಂದ ಪಾಠ ಕಲಿಯುವ ಕ್ರಮ ಹೊರಗಿನಿಂದ ಬಂದ ಹೊಸ ವಿಚಾರವೇನಲ್ಲ. ಭಾರತದ ಗಣಿ ಸುರಕ್ಷತಾ ಕಾನೂನು ಹುಟ್ಟಲು ಕಾರಣವಾದ ಘಟನೆಗಳಲ್ಲಿ ಒಂದು ನಡೆದದ್ದು ಕೋಲಾರದಲ್ಲಿ. 1897ರಲ್ಲಿ ಅಲ್ಲಿನ ಚಿನ್ನದ ಗಣಿಯಲ್ಲಿ 52 ಮಂದಿ ಸತ್ತರು. ಅದೇ ಸುಮಾರಿಗೆ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಸತ್ತರು. ಅದುವರೆಗೆ ಚರ್ಚೆಯಲ್ಲೇ ಉಳಿದಿದ್ದ ಶಾಸನ 1901ರಲ್ಲಿ ಬಂತು. 1902ರಲ್ಲಿ ಕಲ್ಕತ್ತೆಯಲ್ಲಿ ಗಣಿ ತಪಾಸಣೆಯ ಕಚೇರಿ ತೆರೆಯಿತು. ಈಗ ಧನಬಾದಿನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅದರ ಮುಂದುವರಿಕೆ.

ಕೋಲಾರದ ಗಣಿ ಆಳಕ್ಕೆ ಹೋದಂತೆ ಇನ್ನೊಂದು ಅಪಾಯ ಎದುರಾಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತ್ತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರ ತಾಳಲಾರದೆ ಗೋಡೆಯ ಕಲ್ಲು ತಾನಾಗಿಯೇ ಸಿಡಿಯುತ್ತದೆ. ಕಾರ್ಮಿಕರ ಬಾಯಲ್ಲಿ ಇದಕ್ಕೆ ಏರ್‌ಬ್ಲಾಸ್ಟ್ ಎಂದು ಹೆಸರು. ಮೊದಮೊದಲು ಇದನ್ನು ದೈವದ ಆಟವೆಂದು ಬಿಟ್ಟುಬಿಡಬಹುದಿತ್ತು. ಆದರೆ ಪ್ರತಿ ಸಿಡಿತದ ಸ್ಥಳ, ಹೊತ್ತು, ಆಳ, ಆಗ ಅಲ್ಲಿ ನಡೆಯುತ್ತಿದ್ದ ಕೆಲಸ ಎಲ್ಲವನ್ನೂ ಬರೆದಿಡುವ ರೂಢಿ ಬೆಳೆಯಿತು. ಬರೆದಿಟ್ಟದ್ದನ್ನು ಜೋಡಿಸಿ ನೋಡಿದಾಗ, ಅದಿರನ್ನು ತೆಗೆಯುವ ಅನುಕ್ರಮಕ್ಕೂ ಸಿಡಿತಕ್ಕೂ ಸಂಬಂಧವಿರುವುದು ಕಂಡಿತು. ತೆಗೆಯುವ ಕ್ರಮ ಬದಲಾಯಿತು. ಆಸರೆಗೆ ಗ್ರಾನೈಟ್ ಕಲ್ಲಿನ ಗೋಡೆ, ಮುಂದೆ ಕಾಂಕ್ರೀಟು ಬಂತು. ಆದರೂ 1962ರ ಡಿಸೆಂಬರಿನಲ್ಲಿ ಚಾಂಪಿಯನ್ ರೀಫ್‌ನಲ್ಲಿ ನಡೆದ ಸರಣಿ ಸಿಡಿತಕ್ಕೆ ನೆಲದ ಮೇಲಿನ ಕಟ್ಟಡಗಳೂ ಬಿರುಕು ಬಿಟ್ಟವು. 1978ರಲ್ಲಿ ಕಂಪನ ಅಳೆಯುವ ಉಪಕರಣಗಳ ಜಾಲ ಬಂತು. ಮಧುಗಿರಿಯ ನೆರೆಯ ಗೌರಿಬಿದನೂರಿನಲ್ಲಿ, ಪರಮಾಣು ಸ್ಫೋಟಗಳನ್ನು ಗುರುತಿಸಲೆಂದು 1960ರ ದಶಕದಲ್ಲಿ ಸ್ಥಾಪಿತವಾದ ಭೂಕಂಪನ ಕೇಂದ್ರವೂ ಕೋಲಾರದ ದೊಡ್ಡ ಸಿಡಿತಗಳನ್ನು ದಾಖಲಿಸುತ್ತಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದು ಇದೇ ಕೆ.ಜಿ.ಎಫ್.ನಲ್ಲಿ.

ಇದನ್ನು ಕಂಪನಿಯ ದಯೆಯ ಕಥೆಯೆಂದು ಭಾವಿಸಬೇಕಾಗಿಲ್ಲ. ಲಾಭ ಬಹುಕಾಲ ಲಂಡನ್ನಿಗೆ ಹೋಯಿತು. ಸತ್ತವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತ ಕೂಲಿಕಾರರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗಲೂ ಅವರ ಮಕ್ಕಳೇ ಬೀದಿಗೆ ಬಿದ್ದರು. ಹೀಗಿದ್ದರೂ ಅಲ್ಲಿ ಸಾವು ಒಂದು ದಾಖಲೆಯಾಗಿ ಉಳಿಯಿತು, ದಾಖಲೆ ಕೆಲಸದ ಕ್ರಮವನ್ನು ಬದಲಿಸಿತು. ಶಿರಾ, ಪಾವಗಡಗಳ ಸಣ್ಣ ಕ್ವಾರಿಗಳಿಗೂ ಬೇಕಾದದ್ದು ಇಷ್ಟೇ. ಇದಕ್ಕೆ ಮೂರು ಕಿಲೋಮೀಟರು ಆಳವೂ ಬೇಡ, ದೊಡ್ಡ ಬಂಡವಾಳವೂ ಬೇಡ.

ಪಾಠ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು 2021ರ ಆರಂಭ ತೋರಿಸಿತು. ಆ ವರ್ಷದ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನ ಕ್ರಷರ್ ಆವರಣದಲ್ಲಿ ವಾಹನದಲ್ಲಿದ್ದ ಸ್ಫೋಟಕ ಸಿಡಿದು ಅಲ್ಲಿದ್ದ ಕಾರ್ಮಿಕರು ಛಿದ್ರರಾದರು. ದೂರದ ಊರುಗಳ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದರು. ತನಿಖೆ, ಬಂಧನ, ಎಚ್ಚರಿಕೆ ಎಲ್ಲವೂ ಆಯಿತು. ಫೆಬ್ರುವರಿ 22ರ ರಾತ್ರಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ತನಿಖೆಯ ಭಯದಿಂದ ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಅವಸರದಲ್ಲಿ ಸಾಗಹಾಕಲು ಹೋಗಿ ಆರು ಮಂದಿ ಸತ್ತರು. ಎರಡರ ನಡುವಿನ ಅಂತರ 32 ದಿನ.

ಈ ಎರಡನೆಯ ಘಟನೆಯನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಹುಣಸೋಡಿನ ನಂತರ ಎಲ್ಲೆಡೆ ಕೇಳಿದ ಪ್ರಶ್ನೆ ‘ಯಾರ ತಪ್ಪು?’ ಎಂಬುದು. ಅದು ಕೇಳಲೇಬೇಕಾದ ಪ್ರಶ್ನೆ, ನ್ಯಾಯಾಲಯದ ಪ್ರಶ್ನೆ. ಆದರೆ ಅದೊಂದನ್ನೇ ಕೇಳಿದರೆ ಉಳಿದ ಕ್ವಾರಿಗಳಲ್ಲಿ ಹುಟ್ಟುವುದು ಭಯ ಮಾತ್ರ. ಭಯ ಮದ್ದನ್ನು ಉಗ್ರಾಣದಿಂದ ಪೊದೆಗೆ, ಪೊದೆಯಿಂದ ಜೀಪಿಗೆ ಸಾಗಿಸುತ್ತದೆ. ‘ಪರವಾನಗಿಯಿಲ್ಲದ ಮದ್ದು ಕೈಯಲ್ಲಿದ್ದರೆ ಅದನ್ನು ಮುಟ್ಟದೆ ಯಾರಿಗೆ ತಿಳಿಸಬೇಕು, ಯಾರು ಬಂದು ಅದನ್ನು ನಿಷ್ಕ್ರಿಯಗೊಳಿಸುತ್ತಾರೆ?’ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಪ್ರತಿ ಕ್ವಾರಿಯ ಮೇಸ್ತ್ರಿಗೂ ತಿಳಿದಿದ್ದರೆ ಹಿರೇನಾಗವಲ್ಲಿಯ ರಾತ್ರಿ ಬೇರೆಯಾಗಬಹುದಿತ್ತು.

ದೊಡ್ಡ ಸ್ಫೋಟ ಪತ್ರಿಕೆಗೆ ಬರುತ್ತದೆ. ಸಣ್ಣ ಗಾಯ ಬರುವುದಿಲ್ಲ. ಅಮೆರಿಕದ ಹೈನ್ರಿಕ್ ಎಂಬಾತ ವಿಮಾ ಕಂಪನಿಯ ಕಡತಗಳನ್ನು ಆಧರಿಸಿ 1931ರಲ್ಲಿ ಒಂದು ಲೆಕ್ಕ ಮಂಡಿಸಿದ: ಒಂದು ಘೋರ ಗಾಯದ ಹಿಂದೆ 29 ಸಣ್ಣ ಗಾಯಗಳೂ ಗಾಯವಾಗದೆ ತಪ್ಪಿಹೋದ 300 ಘಟನೆಗಳೂ ಇರುತ್ತವೆ. ಈ ಅಂಕಿಗಳನ್ನು ನಂತರದ ವಿದ್ವಾಂಸರು ಒಪ್ಪಿಲ್ಲ. ವಿದ್ಯಾರ್ಥಿಗಳು ಅದನ್ನು ಗಣಿತದ ಸೂತ್ರದಂತೆ ಬಾಯಿಪಾಠ ಮಾಡಬಾರದು. ಆದರೆ ದುರಂತ ಮುನ್ಸೂಚನೆ ಕೊಟ್ಟು ಬಂದ ನಿದರ್ಶನಗಳಿಗೆ ಕೊರತೆಯಿಲ್ಲ. ಭೋಪಾಲದ ಕಾರ್ಖಾನೆಯಲ್ಲಿ 1981ರ ಡಿಸೆಂಬರಿನಲ್ಲೇ ಫಾಸ್‌ಜೀನ್ ಅನಿಲಕ್ಕೆ ಸಿಕ್ಕಿ ಕಾರ್ಮಿಕನೊಬ್ಬ ಸತ್ತಿದ್ದ. 1984ರ ಡಿಸೆಂಬರಿನ ರಾತ್ರಿಗೆ ಆಗಿನ್ನೂ ಮೂರು ವರ್ಷವಿತ್ತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕ್ರಷರಿನ ಕನ್ವೇಯರ್ ಬೆಲ್ಟಿನ ಕೆಳಗೆ ಬಿದ್ದ ಪುಡಿಯನ್ನು ಬಾಚುತ್ತಿದ್ದ ಹುಡುಗನ ಎರಡು ಬೆರಳು ರೋಲರಿಗೆ ಸಿಕ್ಕಿ ಹೋದವು. ಮೇಸ್ತ್ರಿಯ ವರದಿ ‘ಹುಡುಗನ ಅಜಾಗರೂಕತೆ’ ಎಂಬ ಎರಡೇ ಪದ. ಗುತ್ತಿಗೆದಾರ ಆಸ್ಪತ್ರೆಯ ಖರ್ಚು ಕೊಟ್ಟು, ಕೈಗೆ ಒಂದಿಷ್ಟು ಹಣವಿಟ್ಟು ಊರಿಗೆ ಬಸ್ಸು ಹತ್ತಿಸುತ್ತಾನೆ. ಮರುದಿನ ಇನ್ನೊಬ್ಬ ಹುಡುಗ ಅದೇ ಜಾಗದಲ್ಲಿ ಬಾಚುತ್ತಾನೆ. ಇಲ್ಲಿ ಕೇಳಬೇಕಾಗಿದ್ದುದು ಬೇರೆ. ಬೆಲ್ಟು ಓಡುತ್ತಿರುವಾಗಲೇ ಬಾಚಿದ್ದು ಏಕೆ? ನಿಲ್ಲಿಸಿದರೆ ಆ ದಿನದ ಲೋಡು ಕಡಿಮೆಯಾಗುತ್ತದೆ, ಕೂಲಿ ಲೋಡಿನ ಲೆಕ್ಕದಲ್ಲಿದೆ. ರೋಲರಿಗೆ ಜಾಲರಿಯ ತಡೆ ಏಕಿರಲಿಲ್ಲ? ರಿಪೇರಿಗೆಂದು ಬಿಚ್ಚಿದ್ದನ್ನು ಯಾರೂ ಮತ್ತೆ ಹಾಕಲಿಲ್ಲ. ಸ್ವಿಚ್ಚು ಎಲ್ಲಿದೆ? ಬಾಚುವವನ ಕಣ್ಣಿಗೆ ಕಾಣದ ಕೋಣೆಯಲ್ಲಿ. ಪುಡಿ ಅಲ್ಲೇ ಏಕೆ ಬೀಳುತ್ತಿತ್ತು? ಬೆಲ್ಟು ಒಂದು ಬದಿಗೆ ಸರಿದಿತ್ತು. ನಾಲ್ಕು ಪ್ರಶ್ನೆ ಮುಗಿಯುವ ಹೊತ್ತಿಗೆ ಹುಡುಗನ ಅಜಾಗರೂಕತೆ ಎಲ್ಲೋ ಹಿಂದೆ ಉಳಿದಿರುತ್ತದೆ. ಮಾಡಬೇಕಾದ ಕೆಲಸ ಕಣ್ಣೆದುರಿಗೆ ಬಂದಿರುತ್ತದೆ: ಜಾಲರಿ ಹಾಕುವುದು, ಬೆಲ್ಟು ಸರಿಪಡಿಸುವುದು, ಶುಚಿ ಮಾಡುವವನು ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವುದು. ಜಾ ಕ್ರಷರಿನ ಬಾಯಲ್ಲಿ ಸಿಕ್ಕಿಕೊಂಡ ಕಲ್ಲನ್ನು ಹಾರೆಯಿಂದ ಕೆದಕುವವನಿಗೂ ಇದೇ ಬೀಗ ರಕ್ಷೆ.

ಕ್ವಾರಿಯ ಒಳಗೆ ಇಂಥ ಮುನ್ಸೂಚನೆಗಳು ದಿನವೂ ಸಿಗುತ್ತವೆ. ನೆತ್ತಿಯ ಮೇಲಿನಿಂದ ಉದುರಿ ಯಾರಿಗೂ ತಾಗದೆ ಬಿದ್ದ ಚಕ್ಕೆ ಒಂದು ಸೂಚನೆ. ಸಿಡಿಯದೆ ಉಳಿದ ಕುಳಿ ಇನ್ನೊಂದು. ಹಳೆಯ ಕುಳಿಯ ಬುಡಕ್ಕೇ ಜಾಕ್‌ಹ್ಯಾಮರ್ ಇಟ್ಟವನು ಉಳಿದ ಮದ್ದಿನ ಮೇಲೆ ಕೂತಂತೆ. ಬಂಡೆಯನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸದೆ ಬುಡದಲ್ಲೇ ಕೊರೆದರೆ ಮೇಲಿನದು ಒಂದು ದಿನ ಒಟ್ಟಿಗೆ ಕುಸಿಯುತ್ತದೆ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕ್ವಾರಿಯಲ್ಲಿ ಬೆಟ್ಟ ಕುಸಿದು ಕಾರ್ಮಿಕರು ಅಡಿಗೆ ಸಿಕ್ಕರು. ಬಂಡೆಯನ್ನು ಹಾರೆಯಿಂದ ತಟ್ಟಿ, ಗಟ್ಟಿ ಸದ್ದು ಬಂದರೆ ಕೆಳಗೆ ಕೂರುವುದು, ಪೊಳ್ಳು ಸದ್ದು ಬಂದರೆ ಮೊದಲು ಅದನ್ನು ಕೆಡವುವುದು ಹಳೆಯ ಕಲ್ಲುಕುಟಿಗರ ವಿದ್ಯೆ. ಗಣಿ ಎಂಜಿನಿಯರುಗಳ ಪಠ್ಯದಲ್ಲೂ ಇದೇ ಪರೀಕ್ಷೆಯಿದೆ. ಯಂತ್ರದ ಗದ್ದಲದಲ್ಲಿ ಆ ಸದ್ದು ಕೇಳದಂತಾಗಿರುವುದು ವಿಷಾದದ ಸಂಗತಿ.

ಕಣ್ಣಿಗೆ ಕಾಣುವ ಗಾಯಕ್ಕಿಂತ ಹೆಚ್ಚು ಜನರನ್ನು ಕೊಲ್ಲುವುದು ಕಾಣದ ಗಾಯ. ಗ್ರಾನೈಟಿನಲ್ಲಿ ಬೆಣಚು ಧಾರಾಳವಾಗಿದೆ. ಅದನ್ನು ಒಣಗಿದ್ದಂತೆಯೇ ಕೊರೆದಾಗ, ಅರೆದಾಗ ಏಳುವ ದೂಳಿನ ಅತಿ ಸಣ್ಣ ಕಣಗಳು ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಕಲೆಗಟ್ಟುತ್ತವೆ. ಇದೇ ಸಿಲಿಕೋಸಿಸ್. ವಾಸಿಮಾಡುವ ಔಷಧವಿಲ್ಲ, ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಹುದು. ಮೂಗಿಗೆ ಕಟ್ಟಿದ ಟವೆಲ್ಲು ಈ ಕಣಗಳನ್ನು ತಡೆಯಲಾರದು. ಇಲ್ಲಿಯೂ ಕೋಲಾರವೇ ಮೊದಲ ಗುರು. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಆ ದಶಕದಲ್ಲಿ ಸಾವಿರಾರು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡಿತು. ಕೊರೆಯುವಾಗ ನೀರು ಹಾಯಿಸಿದರೆ ದೂಳು ಹುಟ್ಟುವಲ್ಲೇ ಅಡಗುತ್ತದೆ ಎಂಬುದು ಅಂದಿನಿಂದ ಗೊತ್ತಿರುವ ಮಾತು. ಬರದ ಪಾವಗಡದಲ್ಲಿ ಕಲ್ಲಿಗೆಲ್ಲಿ ನೀರು ಎಂದು ಕೇಳುವವರಿದ್ದಾರೆ. ನೀರಿಲ್ಲದ ಕಡೆ ದೂಳು ಹೀರುವ ಯಂತ್ರವಿದೆ, ಕ್ರಷರಿಗೆ ಮುಚ್ಚಿಗೆಯಿದೆ, ಎರಡಕ್ಕೂ ಖರ್ಚಿದೆ. ಆ ಖರ್ಚನ್ನು ಈಗ ಕಾರ್ಮಿಕನ ಶ್ವಾಸಕೋಶ ಭರಿಸುತ್ತಿದೆ.

ಕಾನೂನಿನ ಸ್ಥಿತಿಯನ್ನೂ ತಿಳಿದಿರಬೇಕು. 1952ರ ಗಣಿ ಕಾಯಿದೆಯಲ್ಲಿ ಕಟ್ಟಡ ಕಲ್ಲಿನ ಸಣ್ಣ ಕ್ವಾರಿಗಳಿಗೆ ಕೆಲವು ವಿನಾಯಿತಿಗಳಿದ್ದವು, ಆದರೆ ಸ್ಫೋಟಕ ಬಳಸಿದೊಡನೆ ವಿನಾಯಿತಿ ತಪ್ಪುತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ ಜಾರಿಗೆ ಬಂದಿದೆ. ಅಪಘಾತವನ್ನು ಮಾತ್ರವಲ್ಲದೆ, ಯಾರಿಗೂ ಗಾಯವಾಗದ ಅಪಾಯಕಾರಿ ಘಟನೆಯನ್ನೂ ತಿಳಿಸುವ ಹೊಣೆ ಅದರಲ್ಲಿದೆ. ಸಿಲಿಕೋಸಿಸ್ ಕಂಡ ವೈದ್ಯರು ವರದಿ ಮಾಡಬೇಕು. ಕಾರ್ಮಿಕನಿಗೆ ನೇಮಕಾತಿ ಪತ್ರ ಕೊಡಬೇಕು. ಈ ಪತ್ರ ಸಣ್ಣ ಸಂಗತಿಯಲ್ಲ; ಗಾಯವಾದ ದಿನ ‘ಇವನು ನಮ್ಮಲ್ಲಿ ಕೆಲಸಕ್ಕಿರಲಿಲ್ಲ’ ಎಂಬ ಮಾತಿಗೆ ಉತ್ತರ ಅದೊಂದೇ. ತೊಡಕೂ ಇದೆ. ಕ್ವಾರಿಯ ಸುರಕ್ಷತೆ ಕೇಂದ್ರದ ಗಣಿ ಸುರಕ್ಷತಾ ನಿರ್ದೇಶನಾಲಯದ್ದು. ಗಣಿಯ ಎಲ್ಲೆಯ ಹೊರಗಿರುವ ಕ್ರಷರ್ ರಾಜ್ಯದ ಕಾರ್ಖಾನೆಗಳ ಇಲಾಖೆಯದು. ಗುತ್ತಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಒಂದೇ ಬೆಟ್ಟಕ್ಕೆ ಇಷ್ಟು ಬಾಗಿಲುಗಳಿದ್ದರೆ ಗಾಯಾಳು ಯಾವುದನ್ನು ತಟ್ಟಬೇಕು?

ಆದ್ದರಿಂದ ಊರಿನಲ್ಲೇ ಒಂದು ಪುಸ್ತಕವಿರುವುದು ಒಳ್ಳೆಯದು. ನೂರು ಪುಟದ ನೋಟುಪುಸ್ತಕ ಸಾಕು. ಯಾವ ದಿನ, ಯಾವ ಹೊತ್ತು, ಯಾವ ಕೆಲಸ ಮಾಡುತ್ತಿದ್ದಾಗ, ಯಾವ ಯಂತ್ರ, ದೇಹದ ಯಾವ ಭಾಗ, ನಂತರ ಅಲ್ಲಿ ಏನು ಬದಲಾಯಿತು. ಹೆಸರು ಬರೆಯದಿದ್ದರೂ ನಡೆಯುತ್ತದೆ. ಹೆಸರು ಬರೆದರೆ ಕೆಲಸ ಹೋಗುವ ಭಯವಿರುವವರೇ ಹೆಚ್ಚು. ಒಡಿಶಾ, ಬಿಹಾರಗಳಿಂದ ಬಂದು ಕ್ವಾರಿಯ ಶೆಡ್ಡಿನಲ್ಲಿ ಇರುವವರ ಗಾಯವನ್ನೂ ಇದರಲ್ಲಿ ಬರೆಯಬೇಕು, ಅವರಿಗೆ ಇಲ್ಲಿ ಕೇಳುವ ಬಂಧುಗಳಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಒಂದು ವರ್ಷ ನಡೆಸಿದರೆ, ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಹೆಚ್ಚು ಗಾಯವಾಗುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಓದಬಹುದು, ಇಲಾಖೆಗೆ ಪ್ರತಿ ಕಳಿಸಬಹುದು. ಮಾಲೀಕನಿಗೂ ಒಂದು ಪ್ರತಿ ಕೊಡುವುದು ಲೇಸು; ಬೆಲ್ಟಿಗೆ ಜಾಲರಿ ಹಾಕಬೇಕಾದವನು ಅವನೇ.

ದೂಳಿನ ಕಾಯಿಲೆಯ ವಿಷಯದಲ್ಲಿ ಇನ್ನೂ ಸರಳವಾದ ಕೆಲಸವೊಂದಿದೆ. ಸಿಲಿಕೋಸಿಸ್ ಇರುವವನು ಕೆಮ್ಮುತ್ತ ಆಸ್ಪತ್ರೆಗೆ ಹೋದರೆ ಟಿ.ಬಿ. ಎಂದು ಭಾವಿಸಿ ಔಷಧ ಕೊಡುವುದು ದೇಶದ ಎಲ್ಲ ಕಲ್ಲಿನ ಸೀಮೆಗಳಲ್ಲೂ ಕಂಡುಬಂದಿದೆ. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬೇಗ ತಗಲುವುದೂ ನಿಜ, ಹೀಗಾಗಿ ಗೊಂದಲ ಹೆಚ್ಚು. ರಾಜಸ್ಥಾನದಲ್ಲಿ ಕಾರ್ಮಿಕರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2019ರಲ್ಲಿ ಒಂದು ನೀತಿ ಬಂತು. ರೋಗ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ಅವರು ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ. ಅಲ್ಲಿಯೂ ಎಲ್ಲ ಆರಂಭವಾದದ್ದು ರೋಗಕ್ಕೆ ಸರಿಯಾದ ಹೆಸರು ಬರೆಸುವುದರಿಂದ. ಆಸ್ಪತ್ರೆಯ ಚೀಟಿಯಲ್ಲಿ ರೋಗಿಯ ವಯಸ್ಸು ಬರೆಯುತ್ತಾರೆ, ಊರು ಬರೆಯುತ್ತಾರೆ. ಮಾಡಿದ ಕೆಲಸವನ್ನು ಕೇಳಿ ಬರೆಯುವುದು ಅಪರೂಪ. ಜೊತೆಗೆ ಹೋದವರು, ಆಶಾ ಕಾರ್ಯಕರ್ತೆಯಾಗಲಿ ಮನೆಯ ಮಗಳಾಗಲಿ, ಕೇಳುವ ಮೊದಲೇ ಹೇಳಬೇಕು: ಇವರು ಇಂತಿಷ್ಟು ವರ್ಷ ಬಂಡೆ ಕೊರೆದಿದ್ದಾರೆ, ಎಕ್ಸ್‌ರೇ ನೋಡುವಾಗ ಅದನ್ನು ಗಮನಿಸಿ ಎಂದು. ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ ಹೇಳಬೇಕು, ಹೇಳಿದ್ದನ್ನು ಚೀಟಿಯಲ್ಲಿ ಬರೆಸಬೇಕು.