ಮಷೀನು ತಪ್ಪು ಹೇಳಿದರೆ ಯಾರನ್ನು ಕೇಳೋದು?

ಇವತ್ತು ಕೃತಕ ಬುದ್ಧಿಮತ್ತೆ ಬಗ್ಗೆ ಮಾತಾಡೋಣ. ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ನಿಂತು ಅಲ್ಲ, ಬಬಲೇಶ್ವರದ ದ್ರಾಕ್ಷಿ ತೋಟದಲ್ಲಿ ನಿಂತು.

2025ರ ನವೆಂಬರ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಎಐ ಆಡಳಿತದ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಏಳು ಸೂತ್ರ. ನಂಬಿಕೆಯೇ ಬುನಾದಿ, ಜನರಿಗೆ ಮೊದಲ ಸ್ಥಾನ, ಹೊಣೆಗಾರಿಕೆ ಇರಬೇಕು, ಜನರಿಗೆ ಅರ್ಥವಾಗುವಂತಿರಬೇಕು, ಹೀಗೆ. ನಿರ್ಬಂಧಕ್ಕಿಂತ ಆವಿಷ್ಕಾರ ಮುಖ್ಯ ಅನ್ನೋದೂ ಆ ಏಳರಲ್ಲಿ ಒಂದು. ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ ಅನ್ನೋದು ಸರ್ಕಾರದ ನಿಲುವು. ಯುರೋಪ್ ಒಕ್ಕೂಟದ ಎಐ ಕಾನೂನು 2024ರ ಆಗಸ್ಟ್‌ನಲ್ಲೇ ಜಾರಿಗೆ ಬಂದಿದೆ. ಯಾರ ದಾರಿ ಸರಿ ಅನ್ನೋ ಚರ್ಚೆ ದೆಹಲಿಯಲ್ಲಿ ನಡೀಲಿ. ಈ ಸೂತ್ರಗಳು ಹೊಲದ ಬದುವಿಗೆ ಬಂದಾಗ ಏನಾಗುತ್ತೆ? ನನಗೆ ಬೇಕಿರೋದು ಅಷ್ಟೇ.

ತಿಕೋಟಾ, ಬಬಲೇಶ್ವರ ಅಂದ್ರೆ ದ್ರಾಕ್ಷಿ. ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಜನ ಇವರು. ಅಕ್ಟೋಬರ್ ಚಾಟನಿ ಆದ ಮೇಲೆ ಹೂವಿನ ಹೊತ್ತಿಗೆ ಮಳೆ ಹಿಡಿದರೆ ಡೌನಿ ರೋಗ ಬಂತು ಅಂತಲೇ ಲೆಕ್ಕ. ಅದಕ್ಕೇ ಹವಾಮಾನ ಆಧಾರಿತ ಬೆಳೆ ವಿಮೆ. ರೈತ ಕಟ್ಟೋದು ವಿಮಾ ಮೊತ್ತದ ಶೇ. 5. ಈ ವಿಮೆಯಲ್ಲಿ ಸಾಮಾನ್ಯವಾಗಿ ಯಾರೂ ತೋಟಕ್ಕೆ ಬಂದು ಎಷ್ಟು ಗೊನೆ ಕೊಳೀತು ಅಂತ ಎಣಿಸೋದಿಲ್ಲ. ಪಂಚಾಯ್ತಿಯ ಮಳೆಮಾಪಕ, ಹೋಬಳಿಯ ಹವಾಮಾನ ಕೇಂದ್ರ ಕಳಿಸಿದ ಅಂಕಿ ನೋಡ್ತಾರೆ. ಇಷ್ಟು ಮಿಲಿಮೀಟರ್ ದಾಟಿದರೆ ಇಷ್ಟು ಪರಿಹಾರ. ದಾಟಲಿಲ್ಲವಾ, ಸೊನ್ನೆ.

ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಲಂಚಕ್ಕೆ ಜಾಗ ಕಡಿಮೆ, ದುಡ್ಡು ಬೇಗ ಬರಬಹುದು. ಪಂಚಾಯ್ತಿ ಪಂಚಾಯ್ತಿಗೆ ಮಳೆಮಾಪಕ ಇಟ್ಟ ರಾಜ್ಯ ನಮ್ಮದು, ಅದು ಸಣ್ಣ ಕೆಲಸವೇನಲ್ಲ. ಆದರೆ ನಮ್ಮ ಕಡೆ ಮಳೆ ಹೇಗೆ ಬೀಳುತ್ತೆ ಗೊತ್ತಲ್ಲ? ಎತ್ತಿನ ಒಂದು ಕೋಡು ತೋಯ್ದರೆ ಇನ್ನೊಂದು ಒಣ ಒಣ. "ಸಾಹೇಬ್ರ, ಮಳಿ ನಮ್ಮ ತ್ವಾಟದಾಗ ಬಿದ್ದೈತ್ರಿ, ಮಷೀನ್ ಇರೋದು ಪಂಚಾಯ್ತಿ ಮ್ಯಾಲ" ಅಂತ ರೈತ ಅಂದ್ರೆ ಯಾರು ಉತ್ತರ ಕೊಡಬೇಕು? ನಾನು ಎಂಜಿನಿಯರಿಂಗ್ ಓದಿದವನು. ಅಳತೆ ಮಾಡೋ ಯಾವುದೇ ಉಪಕರಣವನ್ನು ಆಗಾಗ ಸರಿನೋಡಬೇಕು ಅಂತ ಮೊದಲ ವರ್ಷದ ಲ್ಯಾಬ್‌ನಲ್ಲೇ ಹೇಳಿಕೊಡ್ತಾರೆ. ಹಾಗೆ ಸರಿನೋಡಿದ ದಿನಾಂಕವನ್ನು ಪಂಚಾಯ್ತಿ ಗೋಡೆ ಮೇಲೆ ಬರೆದರೆ ಸರ್ಕಾರದ ಗಂಟೇನು ಹೋಗುತ್ತೆ?

ಇನ್ನೊಂದು, ಬೆಳೆ ಸಮೀಕ್ಷೆ ಆ್ಯಪ್. ಹೊಲದಲ್ಲಿ ನಿಂತು ಫೋಟೋ ತೆಗೀತಾರೆ, ಸರ್ವೆ ನಂಬರ್‌ಗೆ ಬೆಳೆ ಹೆಸರು ಸೇರುತ್ತೆ. ತೊಗರಿ ಬಿತ್ತಿದ ಹೊಲ ಆ್ಯಪ್‌ನಲ್ಲಿ ಪಾಳು ಅಂತ ದಾಖಲಾದರೆ ವಿಮೆ ಅರ್ಜಿ ತಾಳೆಯಾಗಲ್ಲ, ತಿರಸ್ಕಾರದ ಪಟ್ಟಿಗೆ ಹೋಗುತ್ತೆ. ಇಲ್ಲಿ ಸರ್ಕಾರ ಒಂದು ಒಳ್ಳೇ ಕೆಲಸ ಮಾಡಿದೆ. 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ರೈತ ತನ್ನ ದಾಖಲೆ ನೋಡಬಹುದು, ಆಕ್ಷೇಪಣೆ ಹಾಕಬಹುದು. ತಿರಸ್ಕೃತ ಪಟ್ಟಿಯನ್ನು ಪಂಚಾಯ್ತಿ, ರೈತ ಸಂಪರ್ಕ ಕೇಂದ್ರಗಳಲ್ಲಿ ಹಚ್ಚಿ, ಕಾಗದ ಪತ್ರ ತರೋಕೆ ಅವಕಾಶ ಕೊಡ್ತಾರೆ. ಜವಾಬ್ದಾರಿಯುತ ತಂತ್ರಜ್ಞಾನ ಅಂತ ದೆಹಲಿಯಲ್ಲಿ ಇಂಗ್ಲಿಷ್‌ನಲ್ಲಿ ಹೇಳ್ತಾರಲ್ಲ, ಅದು ಇದೇ ಕಣ್ರೀ. ಪಂಚಾಯ್ತಿ ಗೋಡೆಗೆ ಅಂಟಿಸಿದ ಒಂದು ಹಾಳೆ. ಹವಾಮಾನ ವಿಮೆಯ ಅಂಕಿಗೂ ಇಂಥದ್ದೇ ಒಂದು ಹಾಳೆ ಕೊಡಿ ಅಂತ ಕೇಳ್ತಿದ್ದೀನಿ.

ಇದು ಇಲ್ಲದಿದ್ದರೆ ಏನಾಗುತ್ತೆ ಅಂತ ಪಕ್ಕದ ತೆಲಂಗಾಣ ತೋರಿಸಿದೆ. ಅಲ್ಲಿ 'ಸಮಗ್ರ ವೇದಿಕಾ' ಅನ್ನೋ ಸಾಫ್ಟ್‌ವೇರ್ ಬೇರೆ ಬೇರೆ ದಾಖಲೆ ಜೋಡಿಸಿ ಬಡವರು ಯಾರು, ಅಲ್ಲ ಯಾರು ಅಂತ ವಿಂಗಡಿಸಿತು. ಕಾರು ಇಲ್ಲದವರನ್ನೂ ಕಾರಿನ ಮಾಲೀಕರು ಮಾಡಿತು. ರದ್ದಾಗಿದ್ದ ಸುಮಾರು 19 ಲಕ್ಷ ರೇಷನ್ ಕಾರ್ಡ್‌ಗಳನ್ನು ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು. ಅಲ್ಲಿವರೆಗೆ ಅನ್ನ ತಪ್ಪಿದವರಿಗೆ ಯಾವ ಸೂತ್ರ ಅನ್ವಯ ಆಗಿತ್ತು?

ಈಗ ನಮ್ಮಲ್ಲೂ ಉಪಗ್ರಹ ಚಿತ್ರ ನೋಡಿ ಇಳುವರಿ ಲೆಕ್ಕ ಹಾಕೋ ಪದ್ಧತಿ ಬಂದಿದೆ. ಭತ್ತ, ಗೋಧಿಯಿಂದ 2023ರಲ್ಲಿ ಶುರುವಾಯ್ತು, ಶೇ. 30ರಷ್ಟು ತೂಕ ಅದಕ್ಕೆ. ಮುಂದೆ ಇನ್ನಷ್ಟು ಬೆಳೆಗೂ ಬರಬಹುದು. ಮಳೆಮಾಪಕವಾದರೂ ಕಣ್ಣಿಗೆ ಕಾಣುತ್ತೆ. ಉಪಗ್ರಹದ ಲೆಕ್ಕ ರೈತನಿಗೆ ಕಾಣಲ್ಲ, ಅದನ್ನು ಜಾರಿ ಮಾಡೋ ಅಧಿಕಾರಿಗೂ ಎಷ್ಟೋ ಸಲ ಕಾಣಲ್ಲ.

ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ರಾಜ್ಯದ ಕೈಗಾರಿಕಾ ಸಚಿವರು. ಕಂಪನಿಗಳನ್ನು ಕರೀರಿ ಸರ್, ಬೇಡ ಅಂದವರಾರು? ಆದರೆ ಸರ್ಕಾರ ಕೊಳ್ಳೋ ಪ್ರತಿ ಇಂಥ ಸಾಫ್ಟ್‌ವೇರ್‌ನ ಟೆಂಡರ್‌ನಲ್ಲಿ ಎರಡು ಸಾಲು ಸೇರಿಸೋಕೆ ಸಂಪುಟದಲ್ಲಿ ಹೇಳಿ. ಒಂದು, 'ಇಲ್ಲ' ಅಂದಾಗ ಯಾಕೆ ಇಲ್ಲ ಅಂತ ಕನ್ನಡದಲ್ಲಿ ಬರೆದು ಕೊಡಬೇಕು. ಎರಡು, ಇಂತಿಷ್ಟು ದಿನದೊಳಗೆ ಒಬ್ಬ ಅಧಿಕಾರಿ ತೋಟಕ್ಕೆ ಬಂದು ನೋಡಬೇಕು. ಮುಂದಿನ ಚಾಟನಿಯೊಳಗೆ ಆಗುತ್ತಾ?