ಹರಿವಿಗೆ ಎದುರಾಗಿ ನಿಲ್ಲುವ ಮೀನು

ಯಡ್ರಾವದ ಸೀಮೆಯ ಪಂಚಗಂಗೆ ನದಿ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಯುಗಾದಿಯ ಹೊತ್ತಿಗೆ ನೀರು ಇಳಿದು ಬಿಸಿಯಾಗುತ್ತದೆ, ಅದರಲ್ಲಿ ಕರಗಿದ ಆಮ್ಲಜನಕವೂ ಕಡಿಮೆಯಾಗುತ್ತದೆ. ಮೀನು ಆಗ ಕಲ್ಲುಗಳ ನಡುವೆ ನೊರೆಯೆದ್ದು ಹರಿಯುವ ಕಡೆ, ಹರಿವಿಗೆ ಎದುರಾಗಿ ನಿಲ್ಲುತ್ತದೆ. ಗಾಳ ಹಾಕುವವರು ನಸುಕಿನಲ್ಲೇ, ಅದರ ಬೆನ್ನ ಹಿಂದಿನಿಂದ, ನೆರಳು ನೀರಿಗೆ ಬೀಳದಂತೆ ಬರಬೇಕು.

1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗನ್ ಅವರ ಗಾಳಕ್ಕೆ ಕಬಿನಿ ನದಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಮೀನು ಸಿಕ್ಕಿತ್ತು! ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ ಇಂದು ತೀವ್ರ ಅಳಿವಿನಂಚಿನಲ್ಲಿದೆ. ನಮ್ಮ ಪಂಚಗಂಗೆಯಲ್ಲೂ ಊರಿನ, ಕಾರ್ಖಾನೆಗಳ ಕೊಳೆನೀರು ಸೇರಿ ಬೇಸಿಗೆಯಲ್ಲಿ ಮೀನು ಸತ್ತು ತೇಲಿದ್ದುಂಟು. ಗಾಳಕ್ಕಿಂತ ಮೊದಲು ನಿಲ್ಲಬೇಕಾದದ್ದು ಆ ಕೊಳೆ. ಇನ್ನು, ಹಿಡಿದ ಮೀನನ್ನು ಮರಳಿ ಬಿಡುವವರು ಕೈ ಒದ್ದೆ ಮಾಡಿಕೊಂಡೇ ಮುಟ್ಟಲಿ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಹೋಗಿ ಮೀನಿಗೆ ರೋಗ ತಗಲಬಹುದು.