ತಗಡು ಮಡಚೋ ಲೆಕ್ಕ: 50ಕ್ಕೆ 30 ಸೇರಿಸಿದ್ರೆ 80 ಆಗಲ್ಲ

ದೇವರಾಜ ಮೊಹಲ್ಲಾದ ನಮ್ಮ ಮಹಡಿ ಮನೆಯಿಂದ ಮಾತಾಡ್ತಿದ್ದೀನಿ. ಮಧ್ಯೆ ಸಯ್ಯಾಜಿರಾವ್ ರಸ್ತೆಯ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ಇವತ್ತಿನ ವಿಷಯ ಶೀಟ್ ಮೆಟಲ್. ಬಿ.ಕಾಂ. ಮಾಡಿದವನಿಗೆ ಇದ್ಯಾಕೆ ಅಂತ ಕೇಳ್ತೀರಿ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯನೊಬ್ಬನ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ, ಲೆಕ್ಕಪತ್ರ ನಾನೇ ನೋಡೋದು. ಅದರಲ್ಲಿ ಸ್ಕ್ರ್ಯಾಪ್ ಅನ್ನೋ ಸಾಲು ತಿಂಗಳು ತಿಂಗಳು ಉಬ್ತಾ ಇತ್ತು. 8x4 ಅಡಿಯ 2 ಮಿ.ಮೀ. ಉಕ್ಕಿನ ಶೀಟ್ ಒಂದೇ ಸುಮಾರು 47 ಕೆ.ಜಿ. ಕೊಳ್ಳೋದು ಹೊಸ ಮಾಲಿನ ದರಕ್ಕೆ, ಕೆಟ್ಟರೆ ಮಾರೋದು ಗುಜರಿ ದರಕ್ಕೆ. ಲೇಸರ್ ಕಟಿಂಗ್ ಕೂಲಿ ಅಂತೂ ವಾಪಸ್ ಬರೋದೇ ಇಲ್ಲ.

ತೊಂದರೆ ಎಲ್ಲಿದೆ ನೋಡಿ. ಹೊರ ಅಳತೆ 50 ಮತ್ತು 30 ಮಿ.ಮೀ. ಇರೋ ಒಂದು ಎಲ್ ಬ್ರಾಕೆಟ್ ಬೇಕು. ಮಡಚೋ ಮುಂಚೆ ಪಟ್ಟಿ ಎಷ್ಟು ಉದ್ದ ಇರಬೇಕು? 80 ಅಂದ್ರೆ ತಪ್ಪು. ಒಂದು ಎರೇಸರ್ ಬಗ್ಗಿಸಿ: ಹೊರಮೈ ಹಿಗ್ಗುತ್ತೆ, ಒಳಮೈ ಸುಕ್ಕುತ್ತೆ, ನಡುವೆ ಒಂದು ಪದರ ಮಾತ್ರ ಉದ್ದ ಬದಲಿಸಲ್ಲ. ದಪ್ಪದಲ್ಲಿ ಆ ಪದರ ಒಳಮೈಯಿಂದ ಎಷ್ಟು ದೂರ ಅಂತ ಹೇಳೋ ಸಂಖ್ಯೆಯೇ ಕೆ-ಫ್ಯಾಕ್ಟರ್. 2 ಮಿ.ಮೀ. ತಗಡು, ಒಳಗಿನ ತ್ರಿಜ್ಯ 2, ಕೆ 0.43 ಅಂತಿಟ್ಟರೆ ಉತ್ತರ ಸುಮಾರು 76.5. ಕ್ಯಾಡ್‌ನಲ್ಲಿ ‘ಅನ್‌ಫೋಲ್ಡ್’ ಒತ್ತಿದಾಗ ಒಳಗೆ ನಡೆಯೋದು ಇಷ್ಟೇ ಲೆಕ್ಕ.

ಕೆ ಜಾಗದಲ್ಲಿ ಯಾರೋ 0.5 ಬಿಟ್ಟಿದ್ರು ಅನ್ಕೊಳ್ಳಿ. ಒಂದು ಮಡಿಕೆಗೆ ವ್ಯತ್ಯಾಸ ಬರೀ 0.22. ಆದ್ರೆ ಟೋಪಿ ಆಕಾರದ ಚಾನೆಲ್‌ಗೆ ನಾಲ್ಕು ಮಡಿಕೆ, ಅಂದ್ರೆ ಹತ್ತಿರ ಹತ್ತಿರ 0.9 ಮಿ.ಮೀ. ರಂಧ್ರ ಬೋಲ್ಟ್‌ಗೆ ಕೂರಲ್ಲ. ಇಡೀ ಲಾಟು ವಾಪಸ್. ಡಿಸೈನ್ ಮಾಡಿದ ಹುಡುಗ ಆಪರೇಟರ್ ಕಡೆ ಬೆರಳು ತೋರಿಸ್ತಾನೆ, ಆಪರೇಟರ್ ಡ್ರಾಯಿಂಗ್ ಕಡೆ. ಆ ಶೆಡ್‌ನ ಹಿರಿಯ ಆಪರೇಟರ್ ನನ್ನ ಕೇಳಿದ್ದು ಒಂದೇ ಮಾತು: “ನಮ್ಮ ಡೈ ಯಾವುದು ಅಂತ ಕಂಪ್ಯೂಟರ್‌ಗೆ ಗೊತ್ತಾ ಸಾರ್?”

ಸರಿಯಾದ ಪ್ರಶ್ನೆ. ಪ್ರೆಸ್ ಬ್ರೇಕ್‌ನ ವಿ-ಡೈ ಅಗಲ ಬದಲಾದ್ರೆ ಒಳಗಿನ ತ್ರಿಜ್ಯವೂ ಬದಲಾಗುತ್ತೆ. ಹಾಗಾಗಿ ಇಂಟರ್ನೆಟ್‌ನಲ್ಲಿ ಸಿಗೋ ಪಟ್ಟಿ ಆರಂಭಕ್ಕೆ ಮಾತ್ರ. ನಿಮ್ಮದೇ ತಗಡಿನ ನಿಖರವಾಗಿ 100 ಮಿ.ಮೀ. ಉದ್ದದ ಮೂರು ತುಂಡು ಕತ್ತರಿಸಿ, ನಿಮ್ಮದೇ ಡೈನಲ್ಲಿ 90 ಡಿಗ್ರಿ ಮಡಚಿ, ಎರಡೂ ಕಾಲಿನ ಹೊರ ಅಳತೆ ವರ್ನಿಯರ್‌ನಲ್ಲಿ ತಗೊಂಡು ಕೂಡಿಸಿ. ಸರಾಸರಿ 103.5 ಬಂದ್ರೆ ಆ ಹೆಚ್ಚಿನ 3.5 ನಿಮ್ಮ ಬೆಂಡ್ ಡಿಡಕ್ಷನ್. ತ್ರಿಜ್ಯ 2 ಇದ್ರೆ ಕೆ 0.43ರ ಆಸುಪಾಸು ಬರುತ್ತೆ. ಎಂಎಸ್, ಅಲ್ಯೂಮಿನಿಯಂ, ಸ್ಟೀಲ್‌ಗೆ ಬೇರೆ ಬೇರೆ. ದಪ್ಪ ಬದಲಾದ್ರೂ ಹೊಸದಾಗಿ ಅಳೀಬೇಕು.

ಸಾಫ್ಟ್‌ವೇರ್ ವಿಷಯ. ಕದ್ದ ಕಾಪಿ ಹಾಕ್ಕೊಂಡು ವ್ಯಾಪಾರ ಮಾಡೋದು ನನಗೆ ಒಪ್ಪಿಗೆ ಇಲ್ಲ, ಲೆಕ್ಕದವನಾಗಿ ಇನ್ನೂ ಇಲ್ಲ. ಫ್ರೀಕ್ಯಾಡ್ ಉಚಿತ, ಅದರ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು. ಶೀಟ್‌ಮೆಟಲ್ ವರ್ಕ್‌ಬೆಂಚ್ ಅನ್ನು ಆ್ಯಡಾನ್ ಮ್ಯಾನೇಜರ್‌ನಿಂದ ಸೇರಿಸ್ಕೋಬೇಕು. ತಳ ಬರೆದು, ಗೋಡೆ ಎಬ್ಬಿಸಿ, ಮೂಲೆಯಲ್ಲಿ ತಗಡು ಹರಿಯದ ಹಾಗೆ ರಿಲೀಫ್ ಕೊಟ್ಟು, ಬಿಡಿಸಿ, ಡಿಎಕ್ಸ್ಎಫ್ ಆಗಿ ಲೇಸರ್‌ನವರಿಗೆ ಕಳಿಸಿದ್ರಾಯ್ತು.

ಗೆಳೆಯ ಈಗ ಪ್ರೆಸ್ ಬ್ರೇಕ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾನೆ: ದಪ್ಪ, ಡೈ, ತ್ರಿಜ್ಯ, ಡಿಡಕ್ಷನ್. ತುಂಬಿಸ್ತಿರೋರು ಅದೇ ಆಪರೇಟರ್. ಮೊನ್ನೆ ನೋಡಿದಾಗ ಹನ್ನೊಂದು ಸಾಲು ಆಗಿತ್ತು.